ಇಲ್ಲದ ಮೊಟ್ಟೆಗೆ ಆರು ಬುಧವಾರದ ಸ್ನಾನ

ಹಾಲು ಕಾಯಿಸಿದರೆ ಏನಾಗುತ್ತದೆ?

ನಗಬೇಡಿ. ಈ ಪ್ರಶ್ನೆ ಕೇಳಿದ್ದು ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ. ಫೆಬ್ರವರಿಯ ಒಂದು ಬೆಳಗ್ಗೆ ಏಳು ಗಂಟೆಗೆ ನನ್ನ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಿದ್ದಳು. ಕೈಯಲ್ಲಿ ಒಂದು ಗಾಜಿನ ಟೆಸ್ಟ್ ಟ್ಯೂಬ್. ನಾನು ಸೀಮೆಎಣ್ಣೆ ಸ್ಟೌವ್‌ಗೆ ಪಂಪ್ ಹೊಡೆಯುತ್ತಾ ಕಾಫಿಗೆ ಹೊರಟಿದ್ದೆ.

"ಉಕ್ಕುತ್ತೆ," ಅಂದೆ. "ನಾನು ಆ ಕಡೆ ತಿರುಗಿದ ಕೂಡ್ಲೆ ಉಕ್ಕುತ್ತೆ. ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ."

"ಅದಲ್ಲ ಆಂಟಿ. ಗಟ್ಟಿ ಆಗುತ್ತಾ? ಬಿಳೀ ಗಡ್ಡೆ ಥರ ಕಟ್ಕೊಳ್ಳುತ್ತಾ?"

"ಹಾಗೆ ಕಟ್ಕೊಂಡ್ರೆ ದಿನಾ ಕಾಫಿ ಹೇಗೆ ಕುಡೀತಿದ್ವಿ ಕಣೇ?"

ಅವಳು ನಗಲಿಲ್ಲ. ಡೈರಿ ಬಾಟಲಿಯಿಂದ ಎರಡು ಚಮಚ ಹಾಲು ತೆಗೆದುಕೊಂಡಳು. ನೀರು ಬೆರೆಸಿದಳು. ಟ್ಯೂಬಿಗೆ ಸುರಿದು, ನನ್ನ ಇಕ್ಕಳದಲ್ಲಿ ಹಿಡಿದು, ಸ್ಟೌವ್ ಮೇಲೆ ಆಡಿಸಿದಳು. ಕುದಿಯಿತು. ಏನೂ ಕಟ್ಟಲಿಲ್ಲ. ಆಮೇಲೆ ಅರ್ಧ ನಿಂಬೆಹಣ್ಣು ಕೇಳಿದಳು. ನಾಲ್ಕು ಹನಿ ಬಿದ್ದದ್ದೇ ತಡ, ಹಾಲು ಒಡೆದು ಚೂರುಚೂರಾಗಿ ಕೆಳಗೆ ಕೂತಿತು.

ಅದನ್ನೇ ದಿಟ್ಟಿಸಿ ನೋಡುತ್ತಾ ಅಂದಳು: "ಇದೇ ಆಂಟಿ. ನಮ್ಮ ಲ್ಯಾಬ್ ಬಾಟಲೀಲಿ ಇರೋದು ಮೊಟ್ಟೆ ಅಲ್ಲ. ಹಾಲು. ಆರು ವಾರದಿಂದ ನಮಗೆ ಹಾಲು ಕೊಡ್ತಿದಾರೆ."

ಕಥೆ ಇಲ್ಲಿಂದ ಶುರು. ಇಷ್ಟು ದಿನ ಇದನ್ನು ಬರೆಯದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಯಾಕೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ಹುಡುಗಿಯ ಹೆಸರು ಗಿರಿಜಾ ಅಂತ ಇಟ್ಟುಕೊಳ್ಳಿ. (ನಿಜವಾದ ಹೆಸರು ಬೇರೆ. ಈ ಲೇಖನದಲ್ಲಿ ಎಲ್ಲರ ಹೆಸರೂ ಬೇರೆಯೇ.) ನಾವು ರಾಜಾಜಿನಗರದಲ್ಲಿ ಬಾಡಿಗೆಗೆ ಇರುವುದು ಅವರ ಮನೆಯ ಹಿಂದಿನ ಪೋರ್ಷನ್‌ನಲ್ಲಿ. ಅವಳ ತಂದೆ ದಾವಣಗೆರೆ ಕಡೆಯವರು. ಚಿಕ್ಕಪೇಟೆಯಲ್ಲಿ ಬಟ್ಟೆ ವ್ಯಾಪಾರ. ತಾಯಿ ಶರಣಮ್ಮ. ದಿನಕ್ಕೆ ಎರಡು ಹೊತ್ತು ಲಿಂಗಪೂಜೆ ಮಾಡುವ, ಈರುಳ್ಳಿ ಹೆಚ್ಚಿದ ಕೈಯನ್ನೂ ಎರಡು ಸಲ ತೊಳೆಯುವ ಹೆಂಗಸು. ಮನಸ್ಸು ಮಾತ್ರ ಬೆಣ್ಣೆ.

ಆ ಮನೆಯ ಹುಡುಗಿ ಸೈನ್ಸ್ ತೆಗೆದುಕೊಂಡಳು. ಮೊದಲ ಎರಡು ವರ್ಷ ಏನೂ ಗಲಾಟೆಯಿಲ್ಲ. ಮೂರನೇ ವರ್ಷ ಜನವರಿಯಲ್ಲಿ ಪ್ರೋಟೀನ್ ಪ್ರಾಕ್ಟಿಕಲ್ ಬಂತು. ಪ್ರಾಕ್ಟಿಕಲ್ ಪುಸ್ತಕದಲ್ಲಿ ಅಚ್ಚಾಗಿತ್ತು: ಎಗ್ ಆಲ್ಬುಮಿನ್ ದ್ರಾವಣ. ಅಂದರೆ, ಮೊಟ್ಟೆಯ ಬಿಳಿ ಲೋಳೆ ಕಲಸಿದ ನೀರು.

ಶರಣಮ್ಮ ಆ ದಿನ ನನ್ನ ಹತ್ತಿರ ಓಡಿ ಬಂದರು. "ಸರೋಜಮ್ಮನೋರೇ, ನಮ್ ಹುಡುಗಿ ತತ್ತಿ ಮುಟ್ಟಬೇಕಂತ್ರೀ! ತತ್ತಿ ಮುಟ್ಟಿದ ಕೈಲೆ ಲಿಂಗ ಮುಟ್ಟೋದು ಹೆಂಗ್ರೀ?"

ಗಿರಿಜಾ ಮೂರು ದಿನ ವಾದ ಮಾಡಿದಳು. ಅದು ತಿನ್ನೋದಲ್ಲ, ಟ್ಯೂಬಿನಲ್ಲಿ ಹಾಕಿ ಪರೀಕ್ಷೆ ಮಾಡೋದು ಅಂದಳು. ತಂದೆ ಪೇಪರ್ ಹಿಂದೆ ಮುಖ ಮರೆಸಿಕೊಂಡು ಕೂತರು. ಕೊನೆಗೆ ತಾಯಿ ಮಗಳ ನಡುವೆ ರಾಜಿಯಾಯಿತು. ಬುಧವಾರ ಪ್ರಾಕ್ಟಿಕಲ್. ಬುಧವಾರ ಕಾಲೇಜಿನಿಂದ ಬಂದವಳು ಮುಂದಿನ ಬಾಗಿಲಿಂದ ಬರಕೂಡದು. ಹಿತ್ತಲಿಗೆ ಬರಬೇಕು. ನಮ್ಮ ಪೋರ್ಷನ್ ಪಕ್ಕದ ಬಚ್ಚಲಲ್ಲಿ ಒಂದು ಬಕೆಟ್ ನೀರು, ಒಂದು ಮಡಿಸೀರೆ ಇಟ್ಟಿರುತ್ತದೆ. ತಲೆಗೆ ಸ್ನಾನ ಮಾಡಿ ಒಳಗೆ ಬರಬೇಕು.

ಆರು ಬುಧವಾರ ಹೀಗೆ ನಡೆಯಿತು. ಸಂಜೆ ಐದೂವರೆಗೆ, ಜನವರಿಯ ಚಳಿಯಲ್ಲಿ, ಬಚ್ಚಲಿನಿಂದ ಅವಳ ಹಲ್ಲು ಕಟಕಟ ಅನ್ನುವುದು ನನಗೆ ಕೇಳಿಸುತ್ತಿತ್ತು. ಒಂದು ದಿನವೂ ಅವಳು ಗೊಣಗಲಿಲ್ಲ. ಯಾಕೆಂದರೆ ಅವಳಿಗೆ ಆ ಮೊಟ್ಟೆ ಬೇಕಾಗಿತ್ತು.

ಯಾಕೆ ಬೇಕಾಗಿತ್ತು? ಅವಳ ನೋಟ್ಸಿನ ಕೊನೆಯ ಪುಟ ನೋಡಿದರೆ ಗೊತ್ತಾಗುತ್ತದೆ.

ಎಲ್ಲ ಹುಡುಗಿಯರೂ ಕೊನೆಯ ಪುಟದಲ್ಲಿ ಹೂವು, ರಂಗೋಲಿ ಬರೆದರೆ ಇವಳು ಪ್ರಶ್ನೆ ಬರೆಯುತ್ತಾಳೆ. ನನಗೆ ತೋರಿಸಿದ್ದಾಳೆ. "ತೊಗರಿಬೇಳೆಯ ಪ್ರೋಟೀನ್ ನನ್ನ ಹೊಟ್ಟೆಗೆ ಹೋಗಿ ನನ್ನ ಕೂದಲಾಗುತ್ತದಂತೆ. ಕೂದಲಾಗು ಅಂತ ಅದಕ್ಕೆ ಹೇಳುವವರು ಯಾರು?" ಅದರ ಕೆಳಗೆ, "ಹಸುವಿನ ಇನ್ಸುಲಿನ್ ಮನುಷ್ಯನಿಗೆ ಹೇಗೆ ಒಗ್ಗುತ್ತದೆ?" ಅದರ ಕೆಳಗೆ, ಎರಡು ಗೆರೆ ಎಳೆದು, "ಬೇಯಿಸಿದರೆ ಪೆಪ್ಟೈಡ್ ಬಂಧ ಮುರಿಯುತ್ತದೆಯೇ? ಮುರಿಯದಿದ್ದರೆ ಬೆಂದ ಮೊಟ್ಟೆ ತಣ್ಣಗಾದ ಮೇಲೆ ಮತ್ತೆ ಯಾಕೆ ಹಸಿಯಾಗುವುದಿಲ್ಲ?"

ನಾನು ಓದಿದ್ದು ಹಿಸ್ಟರಿ. ಪೆಪ್ಟೈಡ್ ಅಂದರೆ ಯಾವುದೋ ಟಾನಿಕ್ ಅಂದುಕೊಂಡಿದ್ದೆ. ಅವಳೇ ಬಿಡಿಸಿ ಹೇಳಿದಳು. ನಾನು ಕಟ್ಟುತ್ತಿದ್ದ ಮಲ್ಲಿಗೆ ದಂಡೆ ಕೈಗೆ ತೆಗೆದುಕೊಂಡು, "ನೋಡಿ ಆಂಟಿ, ಒಂದೊಂದು ಹೂವೂ ಒಂದೊಂದು ಅಮೈನೋ ಆಮ್ಲ. ನಡುವೆ ನೀವು ಹಾಕ್ತೀರಲ್ಲ ಗಂಟು, ಅದು ಪೆಪ್ಟೈಡ್ ಬಂಧ. ಉದ್ದಕ್ಕೆ ಕಟ್ಟಿದ ದಂಡೆ ಸುತ್ತಿ ಮಡಿಸಿಕೊಂಡು ಕೂತ್ರೆ ಪ್ರೋಟೀನ್," ಅಂದಳು.

"ಬೇಯಿಸಿದ್ರೆ?"

"ಅದೇ ನನ್ನ ಪ್ರಶ್ನೆ. ಗಂಟೇ ಬಿಚ್ಚುತ್ತಾ? ಇಲ್ಲಾ ಸುತ್ತಿದ್ದು ಮಾತ್ರ ಬಿಚ್ಚಿ ಒಂದಕ್ಕೊಂದು ಸಿಕ್ಕಾಕ್ಕೊಳ್ಳುತ್ತಾ?"

ಮೂವತ್ತು ವರ್ಷದಿಂದ ಬೇಳೆ ಬೇಯಿಸುತ್ತಿದ್ದೇನೆ. ಒಂದು ದಿನವೂ ಹೀಗೆ ಹೊಳೆದಿರಲಿಲ್ಲ. ನಿಮಗೆ ಹೊಳೆದಿತ್ತೇ?

ಅವಳು ಈ ಪ್ರಶ್ನೆಯನ್ನು ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ್ದಳು. ಅವರ ಲೆಕ್ಚರರ್ ವರ್ಷಾನುಗಟ್ಟಲೆಯಿಂದ ಒಂದೇ ನೋಟ್ಸನ್ನು ಓದಿ ಬರೆಸುವವರು. ಆ ಹಾಳೆಗಳ ಅಂಚು ಹಳದಿಯಾಗಿ, ಮೂಲೆ ಮುದುಡಿದೆಯಂತೆ. ಪ್ರಶ್ನೆ ಕೇಳಿದ ಕೂಡಲೇ ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡು (ತಪ್ಪಿಹೋದರೆ ಕಷ್ಟ!) ತಲೆಯೆತ್ತಿ, "ಔಟ್ ಆಫ್ ಪೋರ್ಷನ್. ಕೂತ್ಕೋ," ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಅವಳು ಕೂತಳು. ಆದರೆ ಉತ್ತರ ಹುಡುಕಿಕೊಳ್ಳುವ ದಾರಿಯೊಂದು ಅವಳಿಗೇ ಹೊಳೆಯಿತು. ಪ್ರೋಟೀನಿಗೆ ನೀಲಿ ತುತ್ತದ ದ್ರಾವಣ, ಕ್ಷಾರ ಹಾಕಿದರೆ ನೇರಳೆ ಬಣ್ಣ ಬರುತ್ತದಂತೆ. ಆ ನೇರಳೆ ಬರುವುದು ಗಂಟುಗಳು ಇದ್ದರೆ ಮಾತ್ರ. ಹಾಗಾದರೆ ಮೊಟ್ಟೆಯನ್ನು ಕಾಯಿಸಿ ಗಟ್ಟಿ ಮಾಡಿ, ಆ ಗಡ್ಡೆಗೇ ಈ ಪರೀಕ್ಷೆ ಮಾಡಿದರೆ? ನೇರಳೆ ಬಂದರೆ ಗಂಟು ಇದೆ. ಬರದಿದ್ದರೆ ಬಿಚ್ಚಿದೆ. ಎಷ್ಟು ಸರಳ!

ಮೊದಲ ಐದು ಬುಧವಾರ ಬಣ್ಣದ ಪರೀಕ್ಷೆಗಳು. ಹಾಲಿನಲ್ಲೂ ಪ್ರೋಟೀನ್ ಇರುವುದರಿಂದ ಬರಬೇಕಾದ ಬಣ್ಣಗಳೆಲ್ಲ ಬಂದವು. ಬೆಳ್ಳಗಿದ್ದದ್ದನ್ನು ಮೊಟ್ಟೆಯ ಬಿಳಿ ಅಂದುಕೊಂಡರು, ಯಾರಿಗೂ ಅನುಮಾನ ಬರಲಿಲ್ಲ. ಆರನೇ ಬುಧವಾರ ಕಾಯಿಸುವ ಪರೀಕ್ಷೆ. ಗಿರಿಜಾ ಆ ದಿನಕ್ಕೇ ಕಾಯುತ್ತಿದ್ದವಳು. ಸ್ಪಿರಿಟ್ ಲ್ಯಾಂಪ್ ಹಚ್ಚಿದಳು. ಟ್ಯೂಬ್ ಹಿಡಿದಳು. ಕುದಿಯಿತು, ಕುದಿಯಿತು, ಅರ್ಧ ಇಂಗಿತು. ಗಡ್ಡೆ ಕಟ್ಟಲೇ ಇಲ್ಲ.

ಪಕ್ಕದ ಹುಡುಗಿಯ ರೆಕಾರ್ಡ್ ನೋಡಿದಳು. ಅಲ್ಲಿ ಆಗಲೇ ಬರೆದಾಗಿತ್ತು: "ಬಿಳಿಯ ಗಡ್ಡೆ ಕಂಡುಬಂದಿತು." ಆಚೆಯವಳದ್ದೂ ಹಾಗೇ. ಆಚೆಯವಳು ಇನ್ನೂ ಲ್ಯಾಂಪ್ ಹಚ್ಚಿರಲೇ ಇಲ್ಲ!

ಗಿರಿಜಾ ಬರೆದಳು: "ಗಡ್ಡೆ ಕಾಣಲಿಲ್ಲ."

ಅದನ್ನು ತಾನೇ ಒಯ್ದು ತೋರಿಸಿದಳು. ಲೆಕ್ಚರರ್ ಕೇಳಿದರಂತೆ, "ಪುಸ್ತಕದಲ್ಲಿ ಏನಿದೆ?"

"ಗಡ್ಡೆ ಕಾಣುತ್ತೆ ಅಂತಿದೆ ಸಾರ್."

"ಮತ್ತೆ ನಿನಗೆ ಯಾಕೆ ಕಾಣ್ಲಿಲ್ಲ? ಐವತ್ತೊಂಬತ್ತು ಜನಕ್ಕೆ ಕಂಡದ್ದು ನಿನಗೊಬ್ಬಳಿಗೆ ಕಾಣ್ಲಿಲ್ವಾ?"

"ಸಾರ್, ಟ್ಯೂಬ್ ಇಲ್ಲೇ ಇದೆ. ನೀವೇ ನೋಡಿ."

ಅವರು ನೋಡಲಿಲ್ಲ. ರೆಕಾರ್ಡ್ ಮುಚ್ಚಿ ಅವಳ ಕಡೆ ತಳ್ಳಿದರು. "ಸರಿಯಾಗಿ ಬರ್ಕೊಂಡು ಬಾ. ಅಲ್ಲೀವರೆಗೆ ಸೈನ್ ಇಲ್ಲ."

ಸಹಿಯಿಲ್ಲದ ರೆಕಾರ್ಡ್ ಅಂದರೆ ಏನೆಂದು ಸೈನ್ಸ್ ಓದಿದವರಿಗೆ ಗೊತ್ತು. ಪ್ರಾಕ್ಟಿಕಲ್ ಪರೀಕ್ಷೆಯ ಕೋಣೆಯೊಳಗೆ ಬಿಡುವುದಿಲ್ಲ. ಪ್ರಾಕ್ಟಿಕಲ್ ಹೋದರೆ ಡಿಗ್ರಿ ಹೋಯಿತು. ಅವಳ ಮನೆಯಲ್ಲಿ ಇನ್ನೊಂದು ಕರಾರೂ ಇತ್ತು. ಫಸ್ಟ್ ಕ್ಲಾಸ್ ಬಂದರೆ ಎಂ.ಎಸ್ಸಿ. ಇಲ್ಲದಿದ್ದರೆ ಹರಿಹರದಲ್ಲಿ ಒಬ್ಬ ವರ ಕಾದು ಕೂತಿದ್ದಾನೆ.

ಈಗ ಹೇಳಿ, ಬೆಳಗ್ಗೆ ಏಳಕ್ಕೆ ಟೆಸ್ಟ್ ಟ್ಯೂಬ್ ಹಿಡಿದು ನನ್ನ ಬಾಗಿಲಿಗೆ ಬಂದದ್ದು ಹುಚ್ಚೇ?

ನನಗೆ ಮೈಯೆಲ್ಲ ಉರಿದುಹೋಯಿತು. ಕಾಫಿ ಅಲ್ಲೇ ಬಿಟ್ಟು ಮುಂದಿನ ಮನೆಗೆ ಹೋಗಿ ಶರಣಮ್ಮನವರಿಗೆ ರೆಕಾರ್ಡಿಗೆ ಸಹಿ ಸಿಗದ ಸಂಗತಿಯಷ್ಟೇ ಹೇಳಿದೆ. ಮೂವರೂ ಬಸ್ ಹತ್ತಿದೆವು.

ಆ ಕಾಲೇಜು ನಮ್ಮ ಈ ಪಶ್ಚಿಮದ ಬಡಾವಣೆಗಳ ಪೈಕಿ ಒಂದರಲ್ಲಿದೆ. ಅಷ್ಟು ಸಾಕು. ಸ್ಟಾಫ್ ರೂಮಿನಲ್ಲಿ ಲೆಕ್ಚರರ್ ನಮಗೆ ಕುರ್ಚಿ ಹಾಕಿಸಿದರು. ಒಳ್ಳೆಯ ಮಾತಿನ ಮನುಷ್ಯ. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು.

"ನೀವು ಪತ್ರಿಕೇಲಿ ಬರೆಯೋರು ಮೇಡಂ, ತಿಳಿದೋರು. ನೀವೇ ಹೇಳಿ, ಪುಸ್ತಕ ತಪ್ಪಾ?"

"ಪುಸ್ತಕ ಸರಿ ಇದೆ ಸಾರ್. ಬಾಟಲಿ ತಪ್ಪು."

ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ದನಿ ತಗ್ಗಿಸಿದರು. ಕೆಲವು ವರ್ಷದ ಹಿಂದೆ ಲ್ಯಾಬ್ ಹಿಂದಿನ ತೊಟ್ಟಿಯಲ್ಲಿ ಮೊಟ್ಟೆಯ ಸಿಪ್ಪೆ ಬಿದ್ದಿದ್ದನ್ನು ಆಡಳಿತ ಮಂಡಳಿಯವರು ಯಾರೋ ನೋಡಿದರಂತೆ. ಮರುದಿನವೇ ಸರ್ಕ್ಯುಲರ್. ಕಾಲೇಜಿನ ಗೇಟಿನೊಳಗೆ ಮೊಟ್ಟೆ ತರಕೂಡದು. ಆದರೆ ಯೂನಿವರ್ಸಿಟಿಯ ಪ್ರಾಕ್ಟಿಕಲ್ ಪಟ್ಟಿಯಲ್ಲಿ ಮೊಟ್ಟೆ ಹಾಗೇ ಇದೆ. ಇಬ್ಬರಿಗೂ ಎದುರಾಡುವ ಧೈರ್ಯ ಯಾರಿಗೂ ಇಲ್ಲ. ಹೀಗಾಗಿ ಬಾಟಲಿಯ ಮೇಲೆ ಮೊಟ್ಟೆಯ ಚೀಟಿ, ಒಳಗೆ ಕ್ಯಾಂಟೀನಿನ ಹಾಲು.

"ಅತ್ತ ಮ್ಯಾನೇಜ್‌ಮೆಂಟ್, ಇತ್ತ ಯೂನಿವರ್ಸಿಟಿ. ನಾನು ಎಲ್ಲಿಗೆ ಹೋಗ್ಲಿ ಮೇಡಂ?"

"ಹಾಲು ಅಂತಲೇ ಬರೆಸಿ."

"ಬರೆಸಿದ್ರೆ ಮೊಟ್ಟೆ ಯಾಕೆ ಕೊಟ್ಟಿಲ್ಲ ಅಂತ ಕೇಳ್ತಾರೆ. ಹೋಗ್ಲಿ ಬಿಡಿ, ಮಕ್ಕಳಿಗೆ ಏನು ನಷ್ಟ? ಪುಸ್ತಕದಲ್ಲಿ ಇರೋದು ಸತ್ಯ ತಾನೆ? ಅದನ್ನೇ ಬರೀತಾರೆ. ಮಾರ್ಕ್ಸೂ ಬರುತ್ತೆ."

ಅಷ್ಟು ಹೊತ್ತು ಸೆರಗಿನ ತುದಿ ತಿರುಚುತ್ತಾ ಕೂತಿದ್ದ ಶರಣಮ್ಮ ಬಾಯಿ ಬಿಟ್ಟರು. "ಅಂದ್ರ, ಇಷ್ಟ್ ದಿನ ತತ್ತಿ ಇರ್ಲೇ ಇಲ್ಲೇನ್ರೀ?"

"ಇಲ್ಲ ತಾಯಿ. ನೀವು ನಿಶ್ಚಿಂತೆಯಾಗಿರಿ." ಅವರು ನಕ್ಕರು. ಸಂತೋಷದ ಸುದ್ದಿ ಕೊಟ್ಟಂತೆ!

"ನಿಶ್ಚಿಂತಿ?" ಶರಣಮ್ಮನ ದನಿ ಏರಿತು. "ಆರು ವಾರ ನನ್ನ ಮಗಳ್ನ ಚಳಿಯಾಗ ತಣ್ಣೀರ್ ಸ್ನಾನ ಮಾಡ್ಸೀನಿ. ಹಾಲು ಮುಟ್ಟಿದ್ದಕ್ಕ! ಹಾಲಿಗೆ ಯಾರರ ಮೈಲಿಗಿ ಅಂತಾರೇನ್ರೀ? ತತ್ತಿ ಬ್ಯಾಡ ಅಂದ್ರ ಬ್ಯಾಡ ಅನ್ರಿ, ನನಗೂ ಬ್ಯಾಡ. ಇಲ್ಲದ್ದನ್ನ ಐತಿ ಅಂತ ಯಾಕ್ ಬರಸ್ತೀರಿ?"

ನಾನು ಬರೆಯಬೇಕೆಂದಿದ್ದ ಅಂಕಣವನ್ನು ಆಕೆ ಮೂರು ಮಾತಲ್ಲಿ ಮುಗಿಸಿದ್ದರು.

ಲೆಕ್ಚರರ್ ಮುಖ ಗಂಟಾಯಿತು. ಎದ್ದು ನಿಂತರು. "ನೋಡಿ, ಇದೆಲ್ಲ ನಿಮಗೆ ಅರ್ಥವಾಗೋ ವಿಷಯ ಅಲ್ಲ. ಶುಕ್ರವಾರದೊಳಗೆ ತಿದ್ದಿ ತಂದ್ರೆ ಸೈನ್ ಮಾಡ್ತೀನಿ. ಇಲ್ಲ ಅಂದ್ರೆ ಅವಳ ಹಣೆಬರಹ."

ಹೊರಗೆ ಕಾರಿಡಾರಿನಲ್ಲಿ ಒಬ್ಬ ವಯಸ್ಸಾದವರು ಬಾಟಲಿ ತೊಳೆಯುತ್ತಾ ನಿಂತಿದ್ದರು. ಲ್ಯಾಬ್ ಅಟೆಂಡರ್. ಅವರ ಹೆಸರು ನಂಜಪ್ಪ ಅಂತ ಇರಲಿ. ಬಾಪೂಜಿ ನಗರದಿಂದ ಸೈಕಲ್ ತುಳಿದುಕೊಂಡು ಬರುತ್ತಾರೆ. ಒಳಗಿನ ಮಾತೆಲ್ಲ ಅವರಿಗೆ ಕೇಳಿಸಿತ್ತು.

"ತಾಯಿ, ಆ ಹಾಲು ಕಲಸೋನು ನಾನೇ," ಅಂದರು. "ಹಿಂದೆ ಮೊಟ್ಟೆ ಕಲಸ್ತಿದ್ದೋನೂ ನಾನೇ. ಬಿಳೀದು ಮಾತ್ರ ತಗ್ದು, ಚಿಟಿಕೆ ಉಪ್ಪಾಕಿ, ನೊರೆ ಬರದಂಗೆ ಕಲ್ಸಿ, ತೆಳ್ಳನೆ ಬಟ್ಟೇಲಿ ಸೋಸ್ಬೇಕು. ಎಂಗೆ ಕಟ್ಕೊಳ್ಳೋದು ಗೊತ್ತಾ? ಬೆಳ್ಳಗೆ!" ಆಮೇಲೆ ಗಿರಿಜಾಳ ಕಡೆ ತಿರುಗಿ, "ಇಷ್ಟು ವರ್ಸದಾಗೆ ಟೂಬಿನೊಳಗೆ ನೋಡಿದ್ದು ನೀನೊಬ್ಳೇ ಕಣವ್ವ," ಅಂದರು.

ಇಲ್ಲಿಂದ ಮುಂದಿನದು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಬಸ್ ಸ್ಟಾಪಿನಲ್ಲಿ ನಿಂತಾಗ ನನ್ನ ಸಿಟ್ಟು ಇಳಿದು ಭಯ ಹತ್ತಿತು. ಹರಿಹರದ ವರ ನೆನಪಾದ. ಎಂ.ಎಸ್ಸಿ. ನೆನಪಾಯಿತು. ಗಿರಿಜಾಳ ಕೈ ಹಿಡಿದು ಅಂದೆ: "ಬರೆದುಬಿಡು ಕಣೇ. ಒಂದು ಸಾಲು ತಾನೆ? ರೆಕಾರ್ಡ್ ಸೈನ್ ಆಗ್ಲಿ. ಆಮೇಲೆ ನೀನು ದೊಡ್ಡೋಳಾಗಿ ಎಲ್ಲಾ ಸರಿ ಮಾಡು."

ಅವಳು ನನ್ನನ್ನು ನೋಡಿದಳು. "ಆಂಟಿ, ನೀವು ಅಂಕಣದಲ್ಲಿ ಬರೆಯೋದು ನೋಡಿದ್ದನ್ನಾ, ಇಲ್ಲಾ ಬರೆಯೋಕೆ ಹೇಳಿದ್ದನ್ನಾ?"

ನಾನು ಬಸ್ ಬರುವ ಕಡೆ ತಿರುಗಿದೆ. ಬಸ್ ಬಂತು. ಹತ್ತಿದೆವು.

ಕೊನೆಗೆ ಅವಳು ನನ್ನ ಮಾತು ಕೇಳಿದಳು. ಹೊಸ ಹಾಳೆಯಲ್ಲಿ ಬರೆದಳು: "ಬಿಳಿಯ ಗಡ್ಡೆ ಕಂಡುಬಂದಿತು." ಹಳೆಯ ಪುಟ ಹರಿದರೆ ಪುಟಸಂಖ್ಯೆ ತಪ್ಪುತ್ತದೆ. ಅದಕ್ಕೆ ಹೊಸ ಹಾಳೆಯನ್ನು ಹಳೆಯದರ ಮೇಲೆ ಅಂಟಿಸಬೇಕಾಯಿತು. ಮೈದಾ ಗೋಂದು ಕಾಯಿಸಿಕೊಟ್ಟವಳು ನಾನು. ಮೂಲೆಗಳನ್ನು ಒತ್ತಿ ಹಿಡಿದವಳೂ ನಾನೇ. ಅವಳು ಕಂಡದ್ದರ ಮೇಲೆ ಅವಳು ಕಾಣದ್ದನ್ನು ನನ್ನ ಕೈಯಾರೆ ಅಂಟಿಸಿದೆ.

ಶುಕ್ರವಾರ ಸಹಿ ಬಿತ್ತು. ಅರವತ್ತು ರೆಕಾರ್ಡುಗಳ ರಾಶಿ. ಲೆಕ್ಚರರ್ ಎಡಗೈಯಲ್ಲಿ ಪುಟ ಎತ್ತುವುದು, ಬಲಗೈಯಲ್ಲಿ ಗೀಚುವುದು. ಗಿರಿಜಾಳದ್ದು ಬಂದಾಗ ಮಾತ್ರ ಆ ಪುಟ ತೆಗೆದು ಓದಿದರಂತೆ. ಮಿಕ್ಕ ಐವತ್ತೊಂಬತ್ತನ್ನು ಓದಲಿಲ್ಲ. ಅಂದರೆ, ಅವಳು ಬಾಯಿ ಮುಚ್ಚಿಕೊಂಡು ನಿಜವನ್ನೇ ಬರೆದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಟ್ಯೂಬ್ ನೋಡಿ ಅಂತ ಕೇಳಿದ್ದೇ ಅಪರಾಧವಾಯಿತು. ಇದಕ್ಕೆ ವಿದ್ಯಾಭ್ಯಾಸ ಅನ್ನಬೇಕಂತೆ!

ಮಾರ್ಚ್‌ನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಹೊರಡುವಾಗ ಗಿರಿಜಾ ನನ್ನ ಬಾಗಿಲಿಗೆ ಬಂದು, "ರೆಕಾರ್ಡ್‌ನಲ್ಲಿ ನಿಮ್ಮ ಮಾತು ಕೇಳಿದೆ ಆಂಟಿ. ಇವತ್ತು ಕೇಳಲ್ಲ," ಅಂದಳು.

"ಹಾಲು ಕೊಟ್ರೆ?"

"ಗಡ್ಡೆ ಕಾಣ್ಲಿಲ್ಲ ಅಂತ ಬರೀತೀನಿ."

"ಮಾರ್ಕ್ಸ್ ಹೋಗುತ್ತಲ್ಲೇ."

"ಹೋಗ್ಲಿ."

ಅವಳು ಗೇಟು ದಾಟಿ ಹೋಗುವುದನ್ನು ನೋಡುತ್ತಾ ನಿಂತೆ. ತಡೆಯಲಿಲ್ಲ. ಹೆಮ್ಮೆಯಾಯಿತು, ಭಯವೂ ಆಯಿತು. ಇಡೀ ದಿನ ಒಂದು ಸಾಲು ಬರೆಯಲು ಆಗಲಿಲ್ಲ.

ಶರಣಮ್ಮ ಅಂದು ಬಕೆಟ್ ಇಡಲಿಲ್ಲ. ಯಾಕೆ ಇಡಬೇಕು? ಆ ಲ್ಯಾಬಿನಲ್ಲಿ ಮೊಟ್ಟೆ ಇಲ್ಲ ಅಂತ ತಿಳಿದಾಗಿತ್ತಲ್ಲ.

ಸಂಜೆ ಐದೂವರೆ. ಹಿತ್ತಲಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿತು. ಹೋಗಿ ನೋಡಿದರೆ ಗಿರಿಜಾ! ಮುಂದಿನ ಬಾಗಿಲು ಬಿಟ್ಟು ಹಿಂದಿನಿಂದ ಬಂದು, ತಾನೇ ಬಕೆಟ್ ತುಂಬಿಸುತ್ತಿದ್ದಾಳೆ.

"ಏನೇ ಇದು? ಯಾಕೆ ಸ್ನಾನ?"

"ಇವತ್ತು ನಿಜವಾದ ಮೊಟ್ಟೆ ಆಂಟಿ." ಅವಳ ಕಣ್ಣು ಹೊಳೆಯುತ್ತಿತ್ತು. "ಅಮ್ಮಂಗೆ ಮಾತು ಕೊಟ್ಟಿದೀನಲ್ಲ."

ನಡೆದದ್ದು ಇಷ್ಟು. ಪರೀಕ್ಷೆಯ ಕೋಣೆಯಲ್ಲಿ ಅದೇ ಚೀಟಿಯ ಅದೇ ಬಾಟಲಿ. ಆದರೆ ಒಳಗಿನ ನೀರು ಈ ಸಲ ಬೆಳ್ಳಗಿರಲಿಲ್ಲ, ತಿಳಿಯಾಗಿತ್ತು. ಗಿರಿಜಾ ಟ್ಯೂಬ್ ಕಾಯಿಸಿದಳು. ಕುದಿಯುವ ಮುಂಚೆಯೇ ಮಬ್ಬಾಗಿ, ಆಮೇಲೆ ಬೆಳ್ಳಗೆ ಗಡ್ಡೆ ಕಟ್ಟಿತು. ಅವಳಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಟ್ಯೂಬಿಗೆ ಹುಳಿಯ ಆಮ್ಲ ಎರಡು ಹನಿ ಹಾಕಿ ನೋಡಿದಳು. ಹಾಲಿನಂತೆ ಒಡೆಯಲಿಲ್ಲ. ತಲೆಯೆತ್ತಿದರೆ ಬಾಗಿಲ ಬಳಿ ನಂಜಪ್ಪ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಎಲ್ಲೋ ನೋಡುತ್ತಾ ನಿಂತಿದ್ದರಂತೆ.

ನಾಲ್ಕು ಮೊಟ್ಟೆ. ಬಾಪೂಜಿ ನಗರದಿಂದ, ಊಟದ ಡಬ್ಬಿಯಲ್ಲಿ, ಅನ್ನದ ಕೆಳಗೆ. ಗೇಟಿನಲ್ಲಿ ಸಿಕ್ಕಿಬಿದ್ದಿದ್ದರೆ ಅಷ್ಟು ವರ್ಷದ ಕೆಲಸ ಅಂದೇ ಹೋಗುತ್ತಿತ್ತು.

"ಆಂಟಿ, ಆ ಗಡ್ಡೆಗೆ ನೇರಳೆ ಪರೀಕ್ಷೆಯೂ ಮಾಡ್ದೆ," ಅಂದಳು ಗಿರಿಜಾ. ಪರೀಕ್ಷೆಯಲ್ಲಿ ಅದನ್ನು ಕೇಳಿರಲಿಲ್ಲ. ಉಳಿದ ಐದು ನಿಮಿಷದಲ್ಲಿ ತನಗಾಗಿ ಮಾಡಿಕೊಂಡಿದ್ದಳು. "ನೇರಳೆ ಬಂತು! ಗಂಟು ಬಿಚ್ಚಲ್ಲ ಆಂಟಿ. ಬೇಯಿಸಿದ್ರೂ ಗಂಟು ಬಿಚ್ಚಲ್ಲ!"

ಬಕೆಟ್ ತುಂಬಿ ಹರಿಯುತ್ತಿತ್ತು. ಇಬ್ಬರಿಗೂ ನಲ್ಲಿ ನಿಲ್ಲಿಸುವುದು ನೆನಪಾಗಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ವರ್ಷಾನುಗಟ್ಟಲೆ ನೋಟ್ಸ್ ಓದಿದವರು ಕೊಡದ ಉತ್ತರವನ್ನು, ಬಾಟಲಿ ತೊಳೆಯುವವರು ತಂದ ಮೊಟ್ಟೆಯಿಂದ ಅವಳೇ ತೆಗೆದುಕೊಂಡಿದ್ದಳು.

ನಂಜಪ್ಪನವರಿಗೆ ಕಳೆದ ತಿಂಗಳ ಕೊನೆಗೆ ರಿಟೈರ್ ಆಯಿತು. ನಾನೂ ಗಿರಿಜಾಳೂ ಹೋಗಿ ಕಂಡು ಬಂದೆವು. "ಬರೀರಿ ತಾಯಿ," ಅಂದರು, "ಇನ್ನು ನನ್ನ ಯಾರೇನು ಮಾಡ್ತಾರೆ?" ಗಿರಿಜಾಳ ಮಾರ್ಕ್ಸ್ ಕೂಡ ಯೂನಿವರ್ಸಿಟಿ ತಲುಪಿದೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಎಲ್ಲ ಸುಖವಾಗಿ ಮುಗಿಯಿತಲ್ಲ, ಮತ್ತೇಕೆ ಈಕೆಗೆ ಸಿಟ್ಟು ಅನ್ನುತ್ತೀರಾ?

ಹೇಳುತ್ತೇನೆ. ಮೊಟ್ಟೆ ಬೇಡ ಅಂದವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಮುಟ್ಟಿದವಳಲ್ಲ. ಹಾಲಿನಲ್ಲೇ ಪಾಠ ಮಾಡಿ. ನಿಂಬೆಹಣ್ಣು ಹಿಂಡಿ ತೋರಿಸಿ. ಬೇಳೆಕಟ್ಟು ತನ್ನಿ. ಪ್ರೋಟೀನಿಗೆ ಬರವೇ? ಆದರೆ ಬಾಟಲಿಯ ಮೇಲೆ ಒಂದು, ಒಳಗೊಂದು ಇಟ್ಟು, ಇಪ್ಪತ್ತು ವರ್ಷದ ಮಕ್ಕಳಿಗೆ ಕಣ್ಣಿಗಿಂತ ಪುಸ್ತಕ ದೊಡ್ಡದು ಅಂತ ವರ್ಷವರ್ಷವೂ ಕಲಿಸುತ್ತಿದ್ದೀರಲ್ಲ, ಅದಕ್ಕೆ ಸಿಟ್ಟು. ನಾಳೆ ಈ ಅರವತ್ತರಲ್ಲಿ ಒಬ್ಬಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ನನ್ನ ರಕ್ತ ಪರೀಕ್ಷೆ ಮಾಡುತ್ತಾಳೆ. ಅವಳು ಟ್ಯೂಬ್ ನೋಡಿ ಬರೆಯುತ್ತಾಳೋ, ನೋಡದೆಯೋ? ಸಹಿಗೆ ಹೆದರಿ ಗೋಂದು ಕಾಯಿಸಿಕೊಟ್ಟೆನಲ್ಲ, ನನ್ನ ಮೇಲೂ ನನಗೆ ಅಷ್ಟೇ ಸಿಟ್ಟು.

ಇನ್ನೊಂದು ಮಾತು ಬಾಕಿಯಿದೆ. ಅದನ್ನು ಗಿರಿಜಾ ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತಾ ಹೇಳಿದಳು.

ಅಂದು ಅವಳು ಕಂಡದ್ದನ್ನೇ ಬರೆದಳು: "ಬಿಳಿಯ ಗಡ್ಡೆ ಕಂಡುಬಂದಿತು." ಉಳಿದವರೂ ಅದನ್ನೇ ಬರೆದಿದ್ದರು. ಅರ್ಧ ಜನ ಲ್ಯಾಂಪ್ ಹಚ್ಚುವ ಮುಂಚೆಯೇ. ಬಾಟಲಿ ಬದಲಾದದ್ದು ಅವರಿಗೆ ತಿಳಿಯಲೇ ಇಲ್ಲ. ಉತ್ತರಪತ್ರಿಕೆ ತೆಗೆದುಕೊಳ್ಳುತ್ತಾ ಲೆಕ್ಚರರ್ ಅವಳ ಸಾಲಿನ ಮೇಲೆ ಕಣ್ಣಾಡಿಸಿ, ತೃಪ್ತಿಯಿಂದ ತಲೆಯಾಡಿಸಿದರಂತೆ. "ನೋಡಿದ್ಯಾ, ಕೊನೆಗೂ ದಾರಿಗೆ ಬಂದೆ."

ಸಾರ್, ಈ ಲೇಖನ ನಿಮ್ಮ ಕೈಗೆ ಸಿಕ್ಕೇ ಸಿಗುತ್ತದೆ. ಅರವತ್ತು ಪತ್ರಿಕೆಯಲ್ಲೂ ಅದೇ ಸಾಲು, ಅರವತ್ತಕ್ಕೂ ಅದೇ ಮಾರ್ಕ್ಸ್. ಅದರಲ್ಲಿ ಟ್ಯೂಬ್ ನೋಡಿ ಬರೆದದ್ದು ಯಾವುದು ಅಂತ ನೀವು ಹೇಗೆ ಕಂಡುಹಿಡಿಯುತ್ತೀರಿ?